ಯಾವ ಜಿಲ್ಲೆ? ಯಾವ ನಾಳೆ?

ಮಳೆಗಾಲ ಬಂತೆಂದರೆ ನಮ್ಮ ವರದಿಗಾರರಿಗೆ ನಾನು ಹೇಳುವುದು ಒಂದೇ ಮಾತು. ಮೊದಲ ವಾಕ್ಯದಲ್ಲೇ ತಾರೀಖು ಹಾಕಿ, ಊರಿನ ಹೆಸರು ಹಾಕಿ. ಎಲ್ಲರೂ ತಲೆಯಾಡಿಸುತ್ತಾರೆ. ಸಂಜೆ ಬರುವ ಸುದ್ದಿ ಮಾತ್ರ ಮತ್ತೆ ಹೀಗೇ ಇರುತ್ತದೆ: "ಭಾರಿ ಮಳೆ ಹಿನ್ನೆಲೆಯಲ್ಲಿ ಜಿಲ್ಲೆಯ ಶಾಲೆಗಳಿಗೆ ನಾಳೆ ರಜೆ ಘೋಷಿಸಿ ಜಿಲ್ಲಾಧಿಕಾರಿ ಆದೇಶಿಸಿದ್ದಾರೆ."

ಯಾವ ಜಿಲ್ಲೆ? ಯಾವ ನಾಳೆ?

ಬೆಂಗಳೂರಲ್ಲಿ ಕೂತು ಬರೆಯುವವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಕಾಸರಗೋಡಿನಲ್ಲಿ ಹಾಗಲ್ಲ. ಮಂಜೇಶ್ವರ, ಉಪ್ಪಳದ ಮನೆಗಳಲ್ಲಿ ಒಂದೇ ಮೊಬೈಲಿಗೆ ಮಂಗಳೂರಿನ ಸುದ್ದಿಯೂ ಬರುತ್ತದೆ, ಕಾಸರಗೋಡಿನದ್ದೂ ಬರುತ್ತದೆ. ಎರಡೂ ಕನ್ನಡದಲ್ಲೇ. ಊರಿನ ಶಾಲೆಗೆ ಹೋಗುವವನು ತಮ್ಮ, ತಲಪಾಡಿ ಗಡಿ ದಾಟಿ ಮಂಗಳೂರಿನ ಕಾಲೇಜಿಗೆ ಹೋಗುವವಳು ಅಕ್ಕ. ತಮ್ಮನಿಗೆ ರಜೆ ಕೊಡುವವರು ಕಾಸರಗೋಡು ಜಿಲ್ಲಾಧಿಕಾರಿ, ಅಕ್ಕನಿಗೆ ದಕ್ಷಿಣ ಕನ್ನಡ ಜಿಲ್ಲಾಧಿಕಾರಿ. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು. ಅಂದಿನಿಂದ ಇಲ್ಲಿನ ಕನ್ನಡ ಓದುಗರು ಎರಡು ಸರ್ಕಾರಗಳ, ಇಬ್ಬರು ಮುಖ್ಯಮಂತ್ರಿಗಳ ಸುದ್ದಿ ಓದುತ್ತಿದ್ದಾರೆ. ರಾಜ್ಯದ ಹೆಸರು ಹಾಕದೆ ಸುಮ್ನೆ "ಸರ್ಕಾರ" ಅಂತ ಬರೆದರೆ ಯಾವುದೆಂದು ಅವರೇ ಊಹಿಸಿಕೊಳ್ಳಬೇಕು.

ಊರಿನ ವಿಷಯ ಹೇಳಿದರೆ ಬೇಗ ಒಪ್ಪುತ್ತಾರೆ. ವಾದ ಎಲ್ಲ ತಾರೀಖಿನದ್ದು. "ಸುದ್ದಿಯ ಮೇಲೇ ತಾರೀಖು ಇರ್ತದಲ್ಲ ಸಾರ್?"

ಇರುತ್ತದೆ. ನಿಮ್ಮ ವೆಬ್‌ಸೈಟಿನಲ್ಲಿ ಇರುತ್ತದೆ. ಆದರೆ ಸುದ್ದಿ ಅಲ್ಲೇ ಕೂತಿರುವುದಿಲ್ಲ. ಒಬ್ಬರು ಎರಡು ಪ್ಯಾರಾ ಕಾಪಿ ಮಾಡಿ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾರೆ. ಇನ್ನೊಬ್ಬರು ತಲೆಬರಹ, ಫೋಟೋ ಮಾತ್ರ ಬರುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯುತ್ತಾರೆ. ತಾರೀಖು ಹಿಂದೆ ಉಳಿಯಿತು, "ನಾಳೆ" ಹೊರಟಿತು. ಮುಂದಿನ ವರ್ಷ ಮಳೆ ಜೋರಾದಾಗ ಅದೇ ಸ್ಕ್ರೀನ್‌ಶಾಟ್ ಮತ್ತೆ ಬರುತ್ತದೆ. ಕಳಿಸಿದವರಿಗೆ ಕೆಟ್ಟ ಉದ್ದೇಶವೇನೂ ಇರುವುದಿಲ್ಲ. ನಾಲ್ಕು ಜನರಿಗೆ ಉಪಕಾರ ಆಗಲಿ ಅಂತಲೇ ಕಳಿಸಿರುತ್ತಾರೆ.

ಕಾಪಿ ಆಗದಿದ್ದರೂ ತೊಂದರೆ ತಪ್ಪುವುದಿಲ್ಲ. ಪತ್ರಿಕೆಯಲ್ಲಿ "ಇಂದು", "ನಾಳೆ" ನಡೆಯುತ್ತದೆ. ಪುಟದ ನೆತ್ತಿಯಲ್ಲಿ ದಿನಾಂಕ ಇರುತ್ತದೆ, ಓದುವುದೂ ಅವತ್ತೇ. ವೆಬ್‌ನಲ್ಲಿ ರಾತ್ರಿ 9ಕ್ಕೆ ಹಾಕಿದ ಸುದ್ದಿಯನ್ನು ಬೆಳಿಗ್ಗೆ 6ಕ್ಕೆ ಎದ್ದು ಓದುತ್ತಾರೆ. ನೀವು ಬರೆದ ನಾಳೆ ಅವರಿಗೆ ಆಗಲೇ ಇವತ್ತು.

ಒಮ್ಮೆ ಪೆರ್ಲ ಕಡೆಯ ತಾಯಿಯೊಬ್ಬರು ಬೆಳಿಗ್ಗೆಯೇ ಫೋನ್ ಮಾಡಿದರು. "ರಜೆ ಅಂತ ಬಂದದ್ದು ನೋಡಿ ಮಗುವನ್ನು ಎಬ್ಬಿಸಲೇ ಇಲ್ಲ ಮಾರಾಯ್ರೇ. ಈಗ ವ್ಯಾನಿನವ ಗೇಟಿನ ಹತ್ರ ಹಾರ್ನ್ ಹಾಕ್ತಾ ಇದ್ದಾನೆ. ರಜೆ ಉಂಟಾ ಇಲ್ವಾ?" ಬಂದದ್ದನ್ನು ನನಗೂ ಕಳಿಸಿ ಅಂದೆ. ನೋಡಿದರೆ ಹಿಂದಿನ ವರ್ಷದ ಸುದ್ದಿ, ಅದೂ ಬೇರೆ ಜಿಲ್ಲೆಯದ್ದು. ಇಂಥ ಹೊತ್ತಲ್ಲಿ "ಜನ ಸರಿಯಾಗಿ ಓದುವುದಿಲ್ಲ" ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಒಂದು ಕೈಯಲ್ಲಿ ದೋಸೆ ಮಗುಚುತ್ತಾ ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದವರು ದಿನಾಂಕ ಹುಡುಕುತ್ತಾ ಕೂರಬೇಕಾ?

ಬರೆಯುವುದು ಕಷ್ಟವೇನಲ್ಲ. ಉದಾಹರಣೆಗೆ, "ಕಾಸರಗೋಡು ಜಿಲ್ಲೆಯ ಶಾಲೆಗಳಿಗೆ ಜುಲೈ 17, ಗುರುವಾರ ರಜೆ." ತಲೆಬರಹದಲ್ಲಿ ಜಾಗ ಇಲ್ಲದಿದ್ದರೆ ವರ್ಷವನ್ನು ಮೊದಲ ವಾಕ್ಯಕ್ಕೆ ಇಳಿಸಿ. ವಾರ ಬಿಡಬೇಡಿ. ಮುಂದಿನ ವರ್ಷ ಅದೇ ತಾರೀಖು ಬೇರೆ ವಾರಕ್ಕೆ ಬೀಳುತ್ತದೆ, "ಇವತ್ತು ಗುರುವಾರ ಅಲ್ವಲ್ಲ" ಅಂತ ಓದುವವರಿಗೆ ತಕ್ಷಣ ಹೊಳೆಯುತ್ತದೆ. ಆದೇಶದ ಪ್ರತಿಯಲ್ಲಿ ಸಹಿ ಹಾಕಿದ ತಾರೀಖು ಬೇರೆ, ರಜೆಯ ತಾರೀಖು ಬೇರೆ ಇರಬಹುದು. ಎರಡನ್ನೂ ನೋಡಿಕೊಳ್ಳಿ. ಅಂಗನವಾಡಿಗೆ ಅನ್ವಯವೇ, ಮೊದಲೇ ನಿಗದಿಯಾದ ಪರೀಕ್ಷೆಗಳು ನಡೆಯುತ್ತವೆಯೇ ಅನ್ನುವುದನ್ನೂ ಅಲ್ಲೇ ಓದಿ ಬರೆಯಿರಿ.

ಮಳೆಯ ಲೆಕ್ಕಕ್ಕೂ ಇದೇ ಜಾಗ್ರತೆ ಬೇಕು. ಹವಾಮಾನ ಇಲಾಖೆಯ ಮಳೆಯ ದಿನ ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರವರೆಗೆ. ಹಾಗಿರುವಾಗ "ನಿನ್ನೆ ಇಷ್ಟು ಮಿ.ಮೀ. ಮಳೆ" ಎಂದರೆ ಯಾವ ನಿನ್ನೆ? "ಬುಧವಾರ ಬೆಳಿಗ್ಗೆ 8.30ಕ್ಕೆ ಮುಗಿದ 24 ಗಂಟೆಗಳಲ್ಲಿ" ಎಂದು ಬರೆದರೆ ಗೊಂದಲ ಇಲ್ಲ.

ರಜೆ, ಮಳೆಗೆ ಮಾತ್ರ ಇದು ಅಂದುಕೊಳ್ಳಬೇಡಿ. ನಮ್ಮ ಜಿಲ್ಲೆಯ ಅನಂತಪುರ ದೇವಸ್ಥಾನದ ಕೆರೆಯ ಮೊಸಳೆ ಬಬಿಯಾ 2022ರ ಅಕ್ಟೋಬರ್ 9ರ ರಾತ್ರಿ ಸತ್ತಿತು. 2023ರ ನವೆಂಬರಿನಲ್ಲಿ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿತು. ಈಗ ಹುಡುಕಿದವರಿಗೆ ಎರಡೂ ಸುದ್ದಿ ಒಟ್ಟಿಗೆ ಸಿಗುತ್ತವೆ. ಒಂದರಲ್ಲಿ "ನಿನ್ನೆ ರಾತ್ರಿ ಸತ್ತಿತು", ಇನ್ನೊಂದರಲ್ಲಿ "ನಿನ್ನೆ ಕಾಣಿಸಿತು" ಅಂತಿದ್ದರೆ ದೂರದ ಊರಿನ ಭಕ್ತರು ಯಾವುದನ್ನು ನಂಬಬೇಕು?

ಎಲ್ಲ ಬರಹಕ್ಕೂ ಈ ನಿಯಮ ಹೊಂದುವುದಿಲ್ಲ ಅನ್ನಿ. ಕ್ಷಣ ಕ್ಷಣಕ್ಕೂ ಹೊಸ ಮಾಹಿತಿ ಸೇರಿಸುವ ವರದಿಯಲ್ಲಿ "ಈಗ" ಅಂತ ಬರೆಯಬಹುದು, ಪಕ್ಕದಲ್ಲಿ ಗಂಟೆ ಇರಬೇಕು ಅಷ್ಟೇ. ಯಾರಾದರೂ ಆಡಿದ ಮಾತಿನಲ್ಲಿ "ನಾಳೆ" ಬಂದರೆ ಮಾತನ್ನು ತಿದ್ದಬೇಡಿ, ತಾರೀಖನ್ನು ನಿಮ್ಮ ವಾಕ್ಯದಲ್ಲಿ ಕೊಡಿ. ರಜೆ ರದ್ದಾದರೆ ಹಳೆಯ ಪುಟ ಅಳಿಸಬೇಡಿ. ರದ್ದಾದ ವಿಷಯವನ್ನು ಅದೇ ಪುಟದ ತಲೆಬರಹದಲ್ಲೂ ಮೊದಲ ಸಾಲಿನಲ್ಲೂ ಗಂಟೆ ಸಮೇತ ಬರೆಯಿರಿ. ಹಳೆಯ ಲಿಂಕು ಆಗಲೇ ಹತ್ತು ಗ್ರೂಪುಗಳಲ್ಲಿ ಇರುತ್ತದೆ, ಅದನ್ನು ಒತ್ತಿದವರಿಗೆ ಹೊಸ ಸುದ್ದಿ ಅಲ್ಲೇ ಸಿಗಬೇಕು.