ಚಾವಡಿ, ಪಂಚಾಯಿತಿ, ಭವನ: ಒಂದೇ ಸೂರಿಗೆ ಎಷ್ಟು ಹೆಸರು

ಊರೊಳಗಿನ ಮನೆ, ಜಾಗಗಳನ್ನು ಡ್ರೋನ್ ಹಾರಿಸಿ ಅಳೆಯುವ ಸ್ವಾಮಿತ್ವ ಯೋಜನೆ 2020ರಲ್ಲಿ ಶುರುವಾದಾಗ ಮೊದಲ ಸುತ್ತಿನ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಡ್ರೋನ್ ಬರುವ ಮುಂಚೆ ಪ್ರತಿ ಸ್ವತ್ತಿನ ಸುತ್ತ ಸುಣ್ಣದ ಗೆರೆ ಎಳೆಯಬೇಕು. ಮನೆಗೆ ಮನೆಯವರು ಗಡಿ ತೋರಿಸುತ್ತಾರೆ, ಶಾಲೆಗೆ ಮೇಷ್ಟ್ರಿದ್ದಾರೆ, ಗುಡಿಗೆ ಪೂಜಾರಿಯೋ ಸಮಿತಿಯವರೋ ಬರುತ್ತಾರೆ. ಊರ ನಡುವಿನ ಹಳೆಯ ಚಾವಡಿಗೆ ಗಡಿ ತೋರಿಸಬೇಕಾದವರು ಯಾರು? ಕಂದಾಯ ಇಲಾಖೆಯದು ಎಂದು ಒಬ್ಬರು, ಪಂಚಾಯಿತಿಯದು ಎಂದು ಇನ್ನೊಬ್ಬರು. ಪಕ್ಕದ ಗುಡಿಗೆ ಸೇರಿದ್ದು ಎನ್ನುವವರೂ ಉಂಟು. ‘ಊರಿನದು’ ಎಂದು ಹಿರಿಯರು ಹೇಳುವ ಮಾತೇ ಹೆಚ್ಚು ನಿಜ, ಆದರೆ ಅದಕ್ಕೆ ಕಾಗದ ಇಲ್ಲ.

ಕಾಗದ ಇಲ್ಲದಿರುವುದಕ್ಕೆ ಕಾರಣ ಹಳೆಯದು. ಬ್ರಿಟಿಷರ ಕಾಲದ ಸರ್ವೆ ಹೊಲಗದ್ದೆಗಳಿಗೆ ನಂಬರು ಕೊಟ್ಟಿತು, ಬಾಂದುಕಲ್ಲು ನೆಡಿಸಿತು. ಗ್ರಾಮಠಾಣದ, ಅಂದರೆ ಜನ ವಾಸಿಸುವ ಊರಿನ ಜಾಗದ, ಒಳಗಿನ ಮನೆ, ಕಟ್ಟೆ, ಓಣಿಗಳನ್ನು ಬಿಡಿಬಿಡಿಯಾಗಿ ಅಳೆಯುವ ಗೋಜಿಗೆ ಹೋಗಲಿಲ್ಲ. ಕಂದಾಯ ಬರುತ್ತಿದ್ದದ್ದು ಹೊಲದಿಂದ. ಆ ಕಂದಾಯ ಎಣಿಸುತ್ತಿದ್ದ ಚಾವಡಿಯೇ ಹೀಗೆ ಲೆಕ್ಕದಿಂದ ಹೊರಗುಳಿಯಿತು.

ಗಾವುಂಡರು, ಮಹಾಜನರು ಸೇರುತ್ತಿದ್ದ ಶಾಸನಗಳ ಕಾಲದಿಂದ ವಿಜಯನಗರದ ಆಯಗಾರರೆಂಬ ಊರ ಕೆಲಸಗಾರರವರೆಗೆ, ಅಲ್ಲಿಂದ ಕಂಪನಿ ಸರ್ಕಾರದವರೆಗೆ ರಾಜರು ಬದಲಾದರೂ ಊರಿನ ವ್ಯವಹಾರಕ್ಕೆ ಒಂದು ನೆರಳಿನ ಜಾಗ ಬೇಕೇ ಬೇಕಿತ್ತು. ಅದು ಎಲ್ಲ ಕಡೆ ಒಂದೇ ಥರ ಇರಲಿಲ್ಲ. ಹಳೇ ಮೈಸೂರಿನಲ್ಲಿ ಮರದ ಕಂಬ, ಹೆಂಚಿನ ಸೂರು, ಎತ್ತರದ ಜಗಲಿ. ಬಯಲುಸೀಮೆಯ ಬಡಗಣ ಜಿಲ್ಲೆಗಳಲ್ಲಿ ಮಣ್ಣಿನ ಮಾಳಿಗೆ, ದಪ್ಪ ಗೋಡೆ. ತುಳುನಾಡಿನಲ್ಲಿ ಚಾವಡಿ ಎಂದರೆ ಊರಿನ ಮುಖ್ಯ ಮನೆತನದ, ಗುತ್ತಿನ ಮನೆಯ ಮುಂಭಾಗವೇ, ನ್ಯಾಯ ತೀರ್ಮಾನ ಆಗುತ್ತಿದ್ದದ್ದೂ ಅಲ್ಲಿಯೇ. ಕೊಡಗಿನವರಿಗೆ ಊರು ಸೇರಲು ಅಂಬಲ ಇತ್ತು.

ಮೈಸೂರು ಸೀಮೆಯ ಚಾವಡಿಯಲ್ಲಿ ಪಟೇಲರು, ಶಾನುಭೋಗರು ಕೂರುತ್ತಿದ್ದರು. ಮುಂಬೈ ಕರ್ನಾಟಕದಲ್ಲಿ ಗೌಡರು, ಕುಲಕರ್ಣಿಯವರು. ನಿಜಾಮರ ಸೀಮೆಯಲ್ಲಿ ಪಟೇಲ, ಪಟವಾರಿ. ಕಿಸ್ತು ಕಟ್ಟುವುದು, ಖಾತೆ ಬದಲಾವಣೆಯ ತಕರಾರು, ಕೆರೆಯ ನೀರಿನ ಸರದಿ, ತುಡುಗು ದನದ ಗಲಾಟೆ, ಪರಊರಿನಿಂದ ಬಂದವರ ವಿಚಾರಣೆ ಎಲ್ಲವೂ ಅಲ್ಲೇ. ಸಾಹೇಬರ ಮೊಕ್ಕಾಂ ಬಿದ್ದರೆ ಅಲ್ಲೇ ಇಳಿದುಕೊಳ್ಳುವುದು. ತೋಟಿ, ತಳವಾರ, ನೀರಗಂಟಿಗಳು ಕರೆದರೆ ಓಡಿಬರುವಷ್ಟು ದೂರದಲ್ಲಿ ಇರಬೇಕಿತ್ತು, ಆದರೆ ಜಗಲಿ ಹತ್ತುವಂತಿರಲಿಲ್ಲ. ಚಾವಡಿ ಎಲ್ಲರದು ಎಂದು ಇಂದು ಹೇಳುವವರು ಇದನ್ನೂ ಜೊತೆಗೇ ಹೇಳಬೇಕು. ಡಂಗುರ ಸಾರುತ್ತಿದ್ದವನು ಅಂಗಳದಲ್ಲಿ ನಿಂತೇ ಮಾತು ಕೇಳಿಸಿಕೊಂಡು ಹೊರಡುತ್ತಿದ್ದ. ಹೆಂಗಸರು ಆ ದಾರಿಯಲ್ಲಿ ಸೆರಗು ಹೊದ್ದು ಸರಸರ ಹಾದುಹೋಗುತ್ತಿದ್ದರು.

ಸರ್ಕಾರದ ಮುಖ ಊರಿನಲ್ಲಿ ಕಾಣುತ್ತಿದ್ದದ್ದು ಚಾವಡಿಯ ರೂಪದಲ್ಲಿಯೇ. ಆದ್ದರಿಂದ 1942ರ ಚಳವಳಿಯಲ್ಲಿ ಬೆಳಗಾವಿ, ಧಾರವಾಡ ಜಿಲ್ಲೆಗಳ ಹಲವು ಊರುಗಳಲ್ಲಿ ಚಾವಡಿಗೂ ಅದರೊಳಗಿನ ದಫ್ತರಕ್ಕೂ ಬೆಂಕಿ ಬಿತ್ತು. ಹೊಸರಿತ್ತಿಯಲ್ಲಿ ವಸೂಲಾದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದ ಮೈಲಾರ ಮಹಾದೇವಪ್ಪ ಮತ್ತು ಇಬ್ಬರು ಸಂಗಾತಿಗಳು 1943ರ ಏಪ್ರಿಲ್ 1ರಂದು ಗುಂಡಿಗೆ ಬಲಿಯಾದದ್ದು ಇದೇ ಸರಣಿಯ ಕೊನೆಯ ಘಟ್ಟದಲ್ಲಿ. ಚಾವಡಿ ಸುಟ್ಟ ಊರುಗಳಲ್ಲಿ ಹಳೆಯ ಖಾತೆಯ ಪುರಾವೆಯೂ ಅದರೊಂದಿಗೆ ಹೋಯಿತು.

ಸ್ವಾತಂತ್ರ್ಯ ಬಂದ ಮೇಲೆ, 1956ರ ಏಕೀಕರಣದ ಮೇಲೆ, ಬೇರೆ ಬೇರೆ ಆಡಳಿತಗಳಿಂದ ಬಂದ ಊರುಗಳಿಗೆ ಒಂದೇ ಕಾನೂನು ಬೇಕಾಯಿತು. 1959ರ ಗ್ರಾಮ ಪಂಚಾಯಿತಿ ಕಾಯ್ದೆ ಒಂದು ಕಡೆಯಿಂದ ಬಂತು, 1961ರಲ್ಲಿ ವಂಶಪಾರಂಪರ್ಯ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ ಇನ್ನೊಂದು ಕಡೆಯಿಂದ. ಎರಡನೆಯದು ಜಾರಿಗೆ ಬಂದದ್ದು 1963ರ ಫೆಬ್ರವರಿ 1ರಂದು. ಪಟೇಲಿಕೆ, ಶಾನುಭೋಗಿಕೆ ಒಂದೇ ದಿನ ಮುಗಿಯಿತು. ತಕರಾರು ಸುಪ್ರೀಂ ಕೋರ್ಟಿನವರೆಗೆ ಹೋದರೂ ಕಾಯ್ದೆಯೇ ನಿಂತಿತು. ಶಾನುಭೋಗರ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಒಬ್ಬರ ಮೇಲೆ ಹಲವು ಊರುಗಳ ಹೊರೆ. ರುಮಾಲು ಕಟ್ಟಿದ ದಫ್ತರಗಳು ಯಾವ ಊರಲ್ಲಿ ಲೆಕ್ಕಿಗರ ವಾಸವೋ ಅಲ್ಲಿಗೆ ಹೋದವು. ಉಳಿದ ಊರುಗಳ ಚಾವಡಿಯ ಕೋಣೆಗೆ ಬೀಗ ಬಿತ್ತು, ಜಗಲಿ ತೆರೆದೇ ಇತ್ತು.

ಆ ಜಗಲಿಗೆ ಮುಂದಿನ ಕಾಲು ಶತಮಾನ ಬಲು ಚೆನ್ನಾದ ಕಾಲ ಎಂದೇ ನನ್ನ ಎಣಿಕೆ. ಸ್ವಂತ ಕಟ್ಟಡ ಇಲ್ಲದ ಹೊಸ ಪಂಚಾಯಿತಿಗಳು ಖಾಲಿ ಚಾವಡಿಗೆ ಬಂದು ಕೂತವು. ಗೋಡೆಯ ಮೇಲೆ ‘ಗ್ರಾಮ ಪಂಚಾಯಿತಿ ಕಚೇರಿ’ ಎಂದು ಬರೆಸಿದರು, ಜನ ಮಾತ್ರ ಚಾವಡಿ ಎಂದೇ ಕರೆದರು. ಪಂಚಾಯಿತಿಗೆ ರೇಡಿಯೋ ಬಂತು. ಗಡುಸು ಮರದ ಪೆಟ್ಟಿಗೆಯ ಆ ರೇಡಿಯೋ, ಸೂರಿನ ಮೇಲಿನ ಧ್ವನಿವರ್ಧಕ, ಸಂಜೆಯ ಪ್ರದೇಶ ಸಮಾಚಾರ, ಕೃಷಿರಂಗ. ಕೆಲಸ ಮುಗಿಸಿ ಬಂದವರು ಬೀಡಿ ಹಚ್ಚಿಕೊಂಡು ಕೂತು ಕೇಳುತ್ತಿದ್ದರು. ಗೊಬ್ಬರದ ದರ ಕೇಳಲು ಬಂದವರಿಗೆ ಭಾರತ–ಪಾಕಿಸ್ತಾನ ಯುದ್ಧದ ಸುದ್ದಿಯೂ ಅಲ್ಲೇ ಸಿಕ್ಕಿತು. ಓದು ಬಾರದವರ ಮನಿಯಾರ್ಡರ್ ಫಾರಂ, ಬ್ಯಾಂಕಿನ ಸಾಲದ ಅರ್ಜಿ ಬರೆದುಕೊಡಲು ಜಗಲಿಯ ಮೇಲೆ ಯಾರಾದರೂ ಇರುತ್ತಿದ್ದರು.

1975ರ ಆಗಸ್ಟಿನಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸುವ ಸೈಟ್ ಪ್ರಯೋಗ ಶುರುವಾಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಿದ್ದರು. ಕರ್ನಾಟಕದ ಪಾಲಿಗೆ ಬಂದವು ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಟಿವಿ ಇಟ್ಟದ್ದು ಶಾಲೆ, ಪಂಚಾಯಿತಿಯಂಥ ಊರೊಟ್ಟಿನ ಕಟ್ಟಡಗಳಲ್ಲಿ. ಬೆಂಗಳೂರಿನಲ್ಲಿ ಇನ್ನೂ ದೂರದರ್ಶನ ಕೇಂದ್ರವೇ ಇಲ್ಲದ ಹೊತ್ತಿನಲ್ಲಿ ರಾಯಚೂರು ಜಿಲ್ಲೆಯ ಹಳ್ಳಿಯವರು ಸಂಜೆ ಕನ್ನಡ ಕಾರ್ಯಕ್ರಮ ನೋಡುತ್ತಿದ್ದರು. ಒಂದು ವರ್ಷಕ್ಕೆ ಪ್ರಯೋಗ ನಿಂತಿತು. ಅದೇ 1975ರ ಅಕ್ಟೋಬರ್ 2ರಂದು ಅಂಗನವಾಡಿ ಯೋಜನೆ ಆರಂಭವಾದಾಗ ರಾಜ್ಯದಲ್ಲಿ ಮೊದಲು ಆಯ್ಕೆಯಾದದ್ದು ತಿ. ನರಸೀಪುರ. ಯೋಜನೆ ಹಬ್ಬಿದಂತೆ ಎಷ್ಟೋ ಊರುಗಳಲ್ಲಿ ಮಕ್ಕಳಿಗೆ ಮೊದಲು ಸಿಕ್ಕ ಸೂರು ಚಾವಡಿಯದೇ. ಹಾಲಿನ ಡೈರಿಯವರು ಬೆಳಗ್ಗೆ ಕ್ಯಾನು ಇಡಲು, ಸೊಸೈಟಿಯವರು ಸಕ್ಕರೆ, ಸೀಮೆಎಣ್ಣೆ ಹಂಚಲು ಇದೇ ಜಗಲಿಗೆ ಬಂದರು. 1974ರ ಭೂಸುಧಾರಣೆಯ ಮೇಲೆ ಉಳುವ ಜಮೀನಿನ ಹಕ್ಕು ಕೇಳಿ ಫಾರಂ 7 ತುಂಬಿಸಿದ ಗೇಣಿದಾರರಿಗೂ ಊರಿನ ಮಾತುಕತೆಯ ಜಾಗ ಅದೇ. ಎಷ್ಟೋ ಕಡೆ ಗೇಣಿದಾರ ಮೊದಲ ಸಲ ಜಗಲಿ ಹತ್ತಿ ಕೂತದ್ದು ಆ ವರ್ಷಗಳಲ್ಲಿ. ಒಂದು ಸೂರಿನಡಿ ಐದಾರು ಕೆಲಸ, ಬೋರ್ಡು ಒಂದೇ.

1983ರಲ್ಲಿ ರೂಪುಗೊಂಡ ಜಿಲ್ಲಾ ಪರಿಷತ್, ಮಂಡಲ ಪಂಚಾಯಿತಿ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಸಿಗಲು ಎರಡು ವರ್ಷ ಹಿಡಿಯಿತು, ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ರಾಮಕೃಷ್ಣ ಹೆಗಡೆಯವರ ಸರ್ಕಾರ, ಅಬ್ದುಲ್ ನಜೀರ್ ಸಾಬ್ ಸಚಿವರು. ಕೊಳವೆಬಾವಿಗಳಿಂದಾಗಿ ‘ನೀರ್ ಸಾಬ್’ ಎಂದು ಹೆಸರಾದವರು. ಅಧಿಕಾರ ಜಿಲ್ಲೆಗೆ, ಮಂಡಲಕ್ಕೆ ನಿಜವಾಗಿಯೂ ಇಳಿಯಿತು. ಸ್ಥಾನಗಳಲ್ಲಿ ಶೇ. 25 ಹೆಂಗಸರಿಗೆ ಮೀಸಲಾಯಿತು. ಚಾವಡಿಯ ಮುಂದೆ ತಲೆತಗ್ಗಿಸಿ ಹೋಗುತ್ತಿದ್ದವರ ಮನೆಯ ಸೊಸೆಯಂದಿರು ಒಳಗೆ ಕುರ್ಚಿಯಲ್ಲಿ ಕೂತರು. ಹಲವು ಕಡೆ ಗಂಡಂದಿರು ಪಕ್ಕದಲ್ಲೇ ನಿಂತು ಮಾತಾಡಿದ್ದೂ ನಿಜ, ಆದರೆ ಒಮ್ಮೆ ಒಳಗೆ ಬಂದವರನ್ನು ಮತ್ತೆ ಹೊರಗೆ ಕಳಿಸಲು ಆಗಲಿಲ್ಲ.

ಆದರೆ ಸಣ್ಣ ಊರುಗಳ ಕಟ್ಟಡಕ್ಕೆ ಅದೇ ಸುಧಾರಣೆಯಿಂದ ಪೆಟ್ಟು ಬಿತ್ತು. 8,000ಕ್ಕೂ ಹೆಚ್ಚಿದ್ದ ಹಳೆಯ ಪಂಚಾಯಿತಿಗಳು ಸುಮಾರು 2,500 ಮಂಡಲಗಳೊಳಗೆ ಸೇರಿಹೋದವು. ಕಚೇರಿ ದೊಡ್ಡ ಊರಿಗೆ ಹೋಯಿತು. ಬೀರು, ಟೇಬಲ್ಲು, ರೇಡಿಯೋ ಎತ್ತಿನ ಗಾಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಹೊರಟವು. ಕೇಂದ್ರ ಯಾವ ಊರಲ್ಲಿ ಇರಬೇಕು ಎಂಬ ಜಗಳ ಹತ್ತಾರು ಊರುಗಳ ಸಂಬಂಧ ಕೆಡಿಸಿತು, ಮದುವೆ ಮಾತುಕತೆಗಳು ಮುರಿದವು. 1992ರಲ್ಲಿ ಅವಧಿ ಮುಗಿದ ಮೇಲೆ ಮಂಡಲಗಳೇ ಉಳಿಯಲಿಲ್ಲ, ಆಡಳಿತಾಧಿಕಾರಿಗಳ ಕಾಲ ಬಂತು. ಸಂವಿಧಾನದ 73ನೇ ತಿದ್ದುಪಡಿಯ ಬೆನ್ನಿಗೆ 1993ರ ಪಂಚಾಯತ್ ರಾಜ್ ಕಾಯ್ದೆ ಬಂದು ಮತ್ತೆ ‘ಗ್ರಾಮ ಪಂಚಾಯಿತಿ’ ಎಂಬ ಹೆಸರು ತಂದಿತು. ಈ ಸಲ 5,600ಕ್ಕೂ ಹೆಚ್ಚು. ಈಗ ಹೆಚ್ಚುಕಡಿಮೆ 6,000. 2011ರ ಜನಗಣತಿಯಲ್ಲಿ ಜನವಸತಿ ಇರುವ ಹಳ್ಳಿಗಳು 27,000ಕ್ಕೂ ಮೇಲೆ. ಅಂದರೆ ನಾಲ್ಕು ಊರಿಗೆ ಮೂರು ಊರಲ್ಲಿ ಪಂಚಾಯಿತಿ ಕಚೇರಿಯಿಲ್ಲ. ಅಲ್ಲಿದ್ದ ಚಾವಡಿಗಳಿಗೆ ಕೆಲಸವೂ ಇಲ್ಲ, ದುರಸ್ತಿಗೆ ಹಣವೂ ಇಲ್ಲ.

ಮುಂದಿನ ಕಥೆ ಬೇಗ ಹೇಳಿ ಮುಗಿಸಬಹುದು. ‘ಭೂಮಿ’ ಯೋಜನೆಯಲ್ಲಿ ಪಹಣಿಗಳು ತಾಲ್ಲೂಕಿನ ಕಂಪ್ಯೂಟರಿಗೆ ಹೋದ ಮೇಲೆ ಕೈಬರಹದ ಪಹಣಿ ನಡೆಯದಾಯಿತು. ಜನ ಚಾವಡಿಯ ಬದಲು ನಾಡಕಚೇರಿಯ ಸಾಲಿನಲ್ಲಿ ನಿಂತರು. ಸಂಸದರ, ಶಾಸಕರ ನಿಧಿಗಳಿಂದ, ಸುವರ್ಣ ಗ್ರಾಮೋದಯದಿಂದ ಸಮುದಾಯ ಭವನಗಳು ಎದ್ದವು. ಚಾವಡಿಯ ಜಗಲಿ ಹತ್ತಲು ಬಿಡದ ಕೇರಿಯವರು ತಮ್ಮದೇ ಅಂಬೇಡ್ಕರ್ ಭವನ ಕೇಳಿದ್ದು ನ್ಯಾಯವೇ ಆಗಿತ್ತು, ಅದು ಬಂದದ್ದೂ ಒಳ್ಳೆಯದೇ. ಆದರೆ ಆಮೇಲೆ ಪ್ರತಿ ಜಾತಿಗೊಂದು ಭವನ ಎಂಬ ಪದ್ಧತಿ ಬೆಳೆದು, ಎಲ್ಲರಿಗೂ ಸೇರಿದ ಸೂರಿನ ಬಗ್ಗೆ ಯೋಚಿಸುವವರು ಕಡಿಮೆಯಾದರು. ಹೊಸದು ಕಟ್ಟಲು ಅನುದಾನ ಉಂಟು, ಶಂಕುಸ್ಥಾಪನೆಯ ಕಲ್ಲು ಉಂಟು. ಹಳೆಯದರ ಹೆಂಚು ಕೈಯಾಡಿಸಲು ಲೆಕ್ಕಶೀರ್ಷಿಕೆ ಹುಡುಕಬೇಕು. ಎಷ್ಟೋ ಚಾವಡಿಗಳು ಶಿಥಿಲ ಎಂಬ ವರದಿಯೊಂದಿಗೆ ಉರುಳಿದ್ದು ಇದೇ ಕಾರಣಕ್ಕೆ. ಯಾರೂ ಬೇಕೆಂದು ಕೆಡವಲಿಲ್ಲ, ಉಳಿಸುವುದು ಯಾರ ಪಾಲಿನ ಕೆಲಸವೂ ಆಗಿರಲಿಲ್ಲ.

ಪಂಚಾಯಿತಿ ಕೇಂದ್ರಗಳಲ್ಲಿ ಬೋರ್ಡುಗಳ ಸಂಖ್ಯೆ ಏರುತ್ತಲೇ ಹೋಯಿತು: ರಾಜೀವ್ ಗಾಂಧಿ ಸೇವಾ ಕೇಂದ್ರ, 2016ರಲ್ಲಿ ಬಾಪೂಜಿ ಸೇವಾ ಕೇಂದ್ರ, 2022ರಲ್ಲಿ ಗ್ರಾಮ ಒನ್. ಪ್ರತಿಯೊಂದರ ಕೆಲಸಕ್ಕೂ ಅರ್ಥವಿದೆ. ಪ್ರತಿಯೊಂದಕ್ಕೂ ಹೊಸ ಹೆಸರು ಯಾಕೆ ಎಂದು ಕೇಳಿದರೆ ತಪ್ಪಾಗಲಾರದು. ಅರ್ಜಿ ಹಿಡಿದು ಬಂದ ಅಜ್ಜಿಗೆ ಯಾವ ಬಾಗಿಲು ಎಂಬುದು ಪ್ರತಿ ಐದು ವರ್ಷಕ್ಕೊಮ್ಮೆ ಬದಲಾಗುತ್ತದೆ.

ಹೀಗಿದ್ದರೂ ಹಳೆಯ ಕಟ್ಟಡಗಳಿಗೆ ಈಚೆಗೆ ಎರಡು ಒಳ್ಳೆಯ ಅವಕಾಶ ಬಂದಿವೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದು, ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ತೆರೆದುಕೊಂಡು, ಈಗ ಅರಿವು ಕೇಂದ್ರ ಎನಿಸಿಕೊಂಡಿವೆ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಕೂಸುಗಳಿಗೆಂದು ‘ಕೂಸಿನ ಮನೆ’ಗಳು 2023ರ ಈಚೆಗೆ ಬಂದಿವೆ. ಎರಡಕ್ಕೂ ಮೊದಲು ಬೇಕಾದದ್ದು ಊರ ನಡುವೆ ಗಟ್ಟಿಯಾದ ಒಂದು ಸೂರು. ಕಂಬ, ಗೋಡೆ ಸರಿಯಿದ್ದರೆ ಚಾವಡಿಗಿಂತ ಒಳ್ಳೆಯ ಜಾಗ ಸಿಗುವುದಿಲ್ಲ.

ಅದಕ್ಕೆ ಮುಂಚೆ ಕಾಗದ ಆಗಬೇಕು. ಊರಿನಲ್ಲಿ ಚಾವಡಿ ಇನ್ನೂ ನಿಂತಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಕೇಳಬೇಕಾದ್ದು ಎರಡೇ ಪ್ರಶ್ನೆ. ಪಂಚಾಯಿತಿಯ ಆಸ್ತಿ ರಿಜಿಸ್ಟರಿನಲ್ಲಿ ಅದು ಇದೆಯೇ? ಇಲ್ಲದಿದ್ದರೆ ಕಂದಾಯ ಇಲಾಖೆಯ ಒಪ್ಪಿಗೆ ಪಡೆದು ಸಾರ್ವಜನಿಕ ಸ್ವತ್ತು ಎಂದು ನಮೂದಿಸಲು ನಿರ್ಣಯ ಮಾಡುತ್ತೀರಾ? ನಿರ್ಣಯ ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ಒಂದು ಪ್ರತಿ ಕೇಳಿ ಇಟ್ಟುಕೊಳ್ಳಿ. ಅಳತೆಯ ನಕ್ಷೆ ಊರಿಗೆ ಬಂದಾಗ ಆಕ್ಷೇಪಣೆಗೆ ಕೊಡುವ ದಿನಗಳು ಹೆಚ್ಚಿರುವುದಿಲ್ಲ.