ಹಂಚು ಹಾರಿಲ್ಲ ಅಂದರೆ ಮಾಡಿಗೆ ಏನೂ ಆಗಿಲ್ಲವೇ?

ಪ್ರಶ್ನೆ: ಮೊನ್ನೆ ರಾತ್ರಿ ಜೋರು ಗಾಳಿ ಬೀಸಿತು. ಹಂಚು, ಶೀಟು ಯಾವುದೂ ಹಾರಿಲ್ಲ. ಸುಮ್ನಿರಬಹುದಾ?

ಉತ್ತರ: ಸುಮ್ನಿರಬೇಡಿ. ಪ್ರತಿ ಮೇ ತಿಂಗಳಲ್ಲೂ ಈ ಪ್ರಶ್ನೆ ಬರುತ್ತದೆ, ನಾನೂ ಇದನ್ನೇ ಹೇಳುತ್ತೇನೆ.

ಅಂಗಳದಲ್ಲೇ ನಿಂತು ಹಂಚಿನ ಸಾಲು ನೋಡಿ. ಹಳೇ ಹಂಚು ಪಾಚಿ ಹಿಡಿದು ಕಪ್ಪಾಗಿರುತ್ತದೆ. ಆ ಕಪ್ಪಿನ ನಡುವೆ ಬೆರಳಗಲ ಕೆಂಪು ಪಟ್ಟಿ ಕಂಡರೆ ಹಂಚು ಅಲ್ಲಿ ಸರಿದಿದೆ. ಮೇಲಿನ ಹಂಚಿನಡಿ ಇಷ್ಟು ವರ್ಷ ಮುಚ್ಚಿಕೊಂಡಿದ್ದ ಭಾಗ ಅದು. ಮೊದಲ ಮಳೆಗೇ ಅಲ್ಲಿಂದ ನೀರಿಳಿದು ರೀಪು (ಹಂಚು ಕೂರುವ ಮರದ ಪಟ್ಟಿ) ನೆನೆಯುತ್ತದೆ. ತಗಡಿನ ಶೀಟಾದರೆ ಸ್ಕ್ರೂ ಕೂತ ಜಾಗ ನೋಡಿ. ದುಂಡಗಿದ್ದ ತೂತು ಉದ್ದವಾಗಿದ್ದರೆ, ಸುತ್ತ ಬಣ್ಣ ಉಜ್ಜಿಹೋಗಿ ಹೊಳೆಯುತ್ತಿದ್ದರೆ, ಶೀಟು ರಾತ್ರಿಯಿಡೀ ಎದ್ದು ಬಿದ್ದಿದೆ ಅಂತ ಅರ್ಥ.

ಇನ್ನು ಆ ಹಟಮಾರಿ ನಂಬಿಕೆ. "ಗಾಳಿ ಮಾಡನ್ನು ಒತ್ತುತ್ತೆ, ಅದಕ್ಕೆ ಗಾಳಿ ಬಡಿದ ಕಡೆ ನೋಡಿದರೆ ಸಾಕು, ಶೀಟಿನ ಮೇಲೆ ನಾಲ್ಕು ಕಲ್ಲು ಹೇರಿದರೆ ಸಾಕು." ಎಷ್ಟು ಸಲ ಹೇಳಲಿ, ಇದು ತಪ್ಪು! ಗಾಳಿ ಮಾಡಿನ ನೆತ್ತಿ ದಾಟಿ ಹೋಗುವಾಗ ಮೇಲಕ್ಕೆ ಎಳೆಯುತ್ತದೆ. ನೆತ್ತಿಯ ಹತ್ತಿರ, ಸೂರಿನ ಅಂಚಿಗೆ, ಮೂಲೆಗಳಲ್ಲಿ ಈ ಎಳೆತ ಜಾಸ್ತಿ. ಅದಕ್ಕೇ ಎಷ್ಟೋ ಮನೆಗಳಲ್ಲಿ ಗಾಳಿಗೆ ಬೆನ್ನು ಹಾಕಿದ ಕಡೆಯ ಹಂಚೇ ಸರಿದಿರುತ್ತದೆ.

ಲೆಕ್ಕ ಕೇಳಿ. ಗಂಟೆಗೆ 60 ಕಿ.ಮೀ. ಗಾಳಿಯ ಬಲ ಚದರ ಮೀಟರಿಗೆ ಸುಮಾರು 17 ಕೆ.ಜಿ. ತೂಕದಷ್ಟು. ಸಾಮಾನ್ಯ ತಗಡಿನ ಶೀಟು ಅಷ್ಟೇ ಜಾಗಕ್ಕೆ 5 ಕೆ.ಜಿ. ಆಸುಪಾಸು. ವೇಗ 120 ಆದರೆ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು, ಅಂದರೆ 68 ಕೆ.ಜಿ. ಅಂಚು, ಮೂಲೆಗಳಲ್ಲಿ ಇದಕ್ಕಿಂತಲೂ ಹೆಚ್ಚು. ಈಗ ಹೇಳಿ, ನಾಲ್ಕು ಕಲ್ಲು ಏನು ಮಾಡೀತು? ಅಂಚು ಎದ್ದ ಕೂಡಲೇ ಕಲ್ಲು ಉರುಳಿ ಕೆಳಗಿದ್ದವರ ತಲೆಗೆ ಬೀಳುತ್ತದೆ. ಕಲ್ಲು ಇಳಿಸಿ. ಅಂಚಿನ ಸಾಲಿಗೆ ಒತ್ತೊತ್ತಾಗಿ ಸ್ಕ್ರೂ ಹಾಕಿಸಿ. ನೋಡೋಕೆ ಅಂತ ಒದ್ದೆ ಹಂಚಿನ ಮೇಲಾಗಲಿ, ಸಿಮೆಂಟ್ ಶೀಟಿನ ಮೇಲಾಗಲಿ ದಯವಿಟ್ಟು ಹತ್ತಬೇಡಿ. ಮಧ್ಯಾಹ್ನ ಒಳಗಿನ ಲೈಟ್ ಆರಿಸಿ ತಲೆಯೆತ್ತಿ ನೋಡಿ. ಮುಂಚೆ ಇಲ್ಲದ ಬೆಳಕಿನ ಚುಕ್ಕೆ ಎಲ್ಲಿದೆಯೋ ಅಲ್ಲೇ ಸಂದು ಬಿಟ್ಟಿದೆ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಗಾಳಿ ಹೊತ್ತಿನಲ್ಲಿ ಕಿಟಕಿ ತೆರೆದಿಟ್ಟರೆ ಒತ್ತಡ ಹೊರಗೆ ಹೋಗಿ ಮಾಡು ಉಳಿಯುತ್ತೆ ಅಂತ ಕೆಲವರು ತೆರೆದಿಡುತ್ತಾರೆ. ಆಗುವುದು ಉಲ್ಟಾ. ಎದುರಿನಿಂದ ನುಗ್ಗಿದ ಗಾಳಿ ಒಳಗಿನಿಂದಲೂ ಮಾಡನ್ನು ಎತ್ತುತ್ತದೆ. ಮೇಲಿನ ಎಳೆತ, ಒಳಗಿನ ನೂಕು ಎರಡೂ ಸೇರಿದರೆ ಮಾಡು ಹೊರುವ ಇಳಿಜಾರು ಮರಗಳು, ಅಂದರೆ ಪಕಾಸೇ ಗೋಡೆ ಬಿಟ್ಟು ಏಳಬಹುದು. ಕಿಟಕಿ, ಬಾಗಿಲು ಎಲ್ಲ ಹಾಕಿಕೊಳ್ಳಿ. ಗಾಳಿಗೆ ಎದುರಾದ ಬಾಗಿಲ ಚಿಲಕ ಸಡಿಲ ಇದ್ದರೆ ಈ ವಾರವೇ ಬದಲಿಸಿ.