ಕಾರಿನೊಳಗಿದ್ದವರಿಗೆ ರಕ್ಷಣೆ, ಹೊರಗಿದ್ದವರಿಗೆ ಬುದ್ಧಿವಾದ

1896ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಒಂದು ಮೋಟಾರು ಗಾಡಿ ಸೈಕಲ್ ತುಳಿಯುತ್ತಿದ್ದ ಮಹಿಳೆಗೆ ಡಿಕ್ಕಿ ಹೊಡೆಯಿತು. ಆಕೆಯ ಕಾಲು ಮುರಿಯಿತು. ಗಾಡಿ ಓಡಿಸುತ್ತಿದ್ದವನನ್ನು ಪೊಲೀಸರು ಹಿಡಿದು ಕೂಡಿಹಾಕಿದರು. ಅಮೆರಿಕದಲ್ಲಿ ದಾಖಲೆಗೆ ಸಿಕ್ಕ ಮೊದಮೊದಲ ಕಾರು ಅಪಘಾತಗಳಲ್ಲಿ ಇದೂ ಒಂದು.

ಆಗ ರಸ್ತೆಗೆ ಹೊಸಬ ಕಾರು. ಸೈಕಲ್ ಅಷ್ಟರಲ್ಲಾಗಲೇ ಅಲ್ಲಿ ನೆಲೆಯೂರಿತ್ತು. ಗಾಳಿ ತುಂಬಿದ ಟೈರು 1888ರಲ್ಲಿ ಬಂದ ಮೇಲೆ ಸೈಕಲ್ ಜನಸಾಮಾನ್ಯರ ವಾಹನವಾಯಿತು. ಕೆಸರು, ಗುಂಡಿ ಇಲ್ಲದ ರಸ್ತೆ ಕೊಡಿ ಅಂತ ಸರ್ಕಾರದ ಬೆನ್ನು ಹತ್ತಿದವರಲ್ಲಿ ಸೈಕಲ್ ಸವಾರರೇ ಮುಂದಿದ್ದರು. ಅಮೆರಿಕದಲ್ಲಿ 1880ರಲ್ಲೇ ಅವರ ಸಂಘ ಹುಟ್ಟಿತ್ತು, ಒಳ್ಳೆಯ ರಸ್ತೆಗಾಗಿ ಚಳವಳಿಯನ್ನೇ ನಡೆಸಿತ್ತು. ಆ ರಸ್ತೆಗಳ ಮೇಲೆ ಆಮೇಲೆ ಓಡಾಡಿದ್ದು ಮಾತ್ರ ಕಾರುಗಳು.

ಮುಂದಿನ ನಲವತ್ತು ವರ್ಷಗಳಲ್ಲಿ ರಸ್ತೆ ಯಾರದು ಅನ್ನುವ ಲೆಕ್ಕವೇ ತಿರುಗಿಬಿತ್ತು. ಬ್ರಿಟನ್ನನ್ನೇ ನೋಡಿ. 1930ರ ಕಾನೂನು ಕಾರುಗಳಿಗಿದ್ದ ವೇಗದ ಮಿತಿಯನ್ನೇ ತೆಗೆದುಹಾಕಿತು. 1934ರಲ್ಲಿ ಅಲ್ಲಿನ ರಸ್ತೆಗಳಲ್ಲಿ ಸತ್ತವರು 7,343 ಜನ. ಗಾಬರಿಗೊಂಡ ಸರ್ಕಾರ ಮರುವರ್ಷ ಊರೊಳಗೆ ಗಂಟೆಗೆ 30 ಮೈಲಿಯ ಮಿತಿ ತಂದಿತು.

1934ರ ಡಿಸೆಂಬರಿನಲ್ಲಿ ಇನ್ನೊಂದು ಪ್ರಯೋಗವೂ ಆಯಿತು. ಲಂಡನ್ನಿನ ವೆಸ್ಟರ್ನ್ ಅವೆನ್ಯೂ ರಸ್ತೆಯ ಪಕ್ಕ ಸೈಕಲ್ಲಿಗೆಂದೇ ಬೇರೆ ದಾರಿ ಮಾಡಿದರು. ಅದನ್ನು ವಿರೋಧಿಸಿದವರು ಯಾರು ಗೊತ್ತಾ? ಸೈಕಲ್ ಸವಾರರ ಸಂಘದವರು. ಇವತ್ತು ಪಕ್ಕದಲ್ಲಿ ಒಂದು ಪಟ್ಟಿ ಕೊಡುತ್ತೀರಿ, ನಾಳೆ ದೊಡ್ಡ ರಸ್ತೆಗೆ ಕಾಲಿಡಬೇಡಿ ಅನ್ನುತ್ತೀರಿ ಅನ್ನುವ ಭಯ ಅವರದು. ಆ ಭಯಕ್ಕೆ ಬುಡವಿಲ್ಲ ಅಂತ ನನಗೆ ಅನಿಸುವುದಿಲ್ಲ. ಆಮೇಲಿನ ದಶಕಗಳಲ್ಲಿ ಬಹುತೇಕ ದೇಶಗಳು ರಸ್ತೆ ಕಟ್ಟಿದ್ದು ಕಾರಿನ ವೇಗಕ್ಕೆ ತಕ್ಕಂತೆಯೇ. ಎರಡು ಚಕ್ರದವರು ಅಂಚಿಗೆ ಸರಿಯುತ್ತಾ ಹೋದರು, ಬೇರೆ ದಾರಿ ಮಾತ್ರ ಸಿಗಲಿಲ್ಲ.

ಬೈಕ್ ಸವಾರರ ಕಥೆ ತಿರುವು ಪಡೆದದ್ದು ಒಂದು ಸಾವಿನಿಂದ. 1935ರ ಮೇ ತಿಂಗಳಲ್ಲಿ, ಲಾರೆನ್ಸ್ ಆಫ್ ಅರೇಬಿಯಾ ಎಂದು ಹೆಸರಾಗಿದ್ದ ಬ್ರಿಟಿಷ್ ಮಾಜಿ ಸೇನಾಧಿಕಾರಿ ಟಿ.ಇ. ಲಾರೆನ್ಸ್ ಇಂಗ್ಲೆಂಡಿನ ಹಳ್ಳಿ ರಸ್ತೆಯಲ್ಲಿ ಬೈಕ್ ಓಡಿಸುತ್ತಿದ್ದರು. ಸೈಕಲ್ಲಿನಲ್ಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬಿದ್ದರು. ತಲೆಗೆ ಪೆಟ್ಟಾಗಿ ಆರು ದಿನಗಳ ನಂತರ ತೀರಿಕೊಂಡರು. ಅವರನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮೆದುಳಿನ ಶಸ್ತ್ರವೈದ್ಯರೂ ಇದ್ದರು. ಮುಂದೆ ಎರಡನೇ ಮಹಾಯುದ್ಧದ ಸಮಯದಲ್ಲಿ ಅವರು ಸೈನ್ಯದ ಬೈಕ್ ಸವಾರರ ತಲೆಪೆಟ್ಟುಗಳನ್ನು ಅಧ್ಯಯನ ಮಾಡಿದರು. ಹೆಲ್ಮೆಟ್ ಜೀವ ಉಳಿಸುತ್ತದೆ ಎಂದು 1941ರಲ್ಲಿ ತೋರಿಸಿಕೊಟ್ಟರು. ಬ್ರಿಟಿಷ್ ಸೈನ್ಯ ಅದೇ ವರ್ಷ ಹೆಲ್ಮೆಟ್ ಕಡ್ಡಾಯ ಮಾಡಿತು. ಸಾಮಾನ್ಯ ಬೈಕ್ ಸವಾರರಿಗೆ ಆ ನಿಯಮ ಬರಲು 1973 ಆಗಬೇಕಾಯಿತು.

ಹೆಲ್ಮೆಟ್ ಬಗ್ಗೆ ಅನುಮಾನವೇ ಬೇಡ. ಬೈಕ್ ಸವಾರರಲ್ಲಿ ಅದು ಸಾವಿನ ಅಪಾಯವನ್ನು ಸುಮಾರು 42%, ತಲೆಪೆಟ್ಟಿನ ಅಪಾಯವನ್ನು ಸುಮಾರು 69% ಇಳಿಸುತ್ತದೆ. ಆದರೆ ಅದು ಕೆಲಸಕ್ಕೆ ಬರುವುದು ಡಿಕ್ಕಿ ಆದ ಮೇಲೆ. ಡಿಕ್ಕಿ ಯಾಕೆ ಆಗುತ್ತದೆ ಎಂದು ಕೂತು ಹುಡುಕಿದವರು ತುಂಬಾ ಕಡಿಮೆ. ಅದೇ ಕಾಲದಲ್ಲಿ ಕಾರಿನೊಳಗಿನವರಿಗಾಗಿ ಎಷ್ಟೊಂದು ಕೆಲಸ ನಡೆಯಿತು! ಗುದ್ದಿದಾಗ ತಾನೇ ನುಜ್ಜುಗುಜ್ಜಾಗಿ ಒಳಗಿನವರನ್ನು ಕಾಯುವ ಮೂತಿ ಬಂತು. 1959ರಲ್ಲಿ ವೋಲ್ವೋ ಮೂರು ಕಡೆ ಬಿಗಿಯುವ ಸೀಟ್ ಬೆಲ್ಟ್ ತಂದಿತು. ಆಮೇಲೆ ಏರ್‌ಬ್ಯಾಗ್. ಒಳಗಿದ್ದವರ ಸುತ್ತ ಕಬ್ಬಿಣದ ಕೋಟೆ ಎದ್ದಿತು. ಹೊರಗಿದ್ದವರಿಗೆ ಸಿಕ್ಕಿದ್ದು "ಹುಷಾರಾಗಿ ಹೋಗಿ" ಅನ್ನುವ ಮಾತು.

ಡಿಕ್ಕಿಯ ಬೇರಿಗೆ ಕೈಹಾಕಿದ ಅಧ್ಯಯನ ಬಂದದ್ದು 1981ರಲ್ಲಿ. ಹ್ಯಾರಿ ಹರ್ಟ್ ಎಂಬುವರ ತಂಡ ಲಾಸ್ ಏಂಜಲೀಸ್ ಸುತ್ತಮುತ್ತ 900 ಬೈಕ್ ಅಪಘಾತಗಳ ಜಾಗಕ್ಕೇ ಹೋಗಿ ಪರಿಶೀಲಿಸಿತು. ಸುಮಾರು ಮುಕ್ಕಾಲು ಪಾಲು ಅಪಘಾತಗಳಲ್ಲಿ ಬೈಕ್ ಇನ್ನೊಂದು ವಾಹನಕ್ಕೆ ಡಿಕ್ಕಿಯಾಗಿತ್ತು, ಅದು ಹೆಚ್ಚಾಗಿ ಕಾರೇ. ಹಾಗೆ ಆದವುಗಳಲ್ಲಿ ಮೂರರಲ್ಲಿ ಎರಡು ಪಾಲು, ದಾರಿ ಬಿಡಬೇಕಿದ್ದ ಇನ್ನೊಂದು ವಾಹನದವರು ಬಿಡದೆ ಅಡ್ಡ ಬಂದಿದ್ದರು. ಎದುರಿನಿಂದ ಬಂದ ಕಾರು ಬೈಕಿನ ಮುಂದೆಯೇ ತಿರುಗುವುದು ಅತಿ ಸಾಮಾನ್ಯ ಚಿತ್ರ. ಚಾಲಕರು ಹೇಳಿದ್ದು ಒಂದೇ ಮಾತು: ಬೈಕ್ ಕಾಣಲೇ ಇಲ್ಲ.

ಇದನ್ನು ನೆಪ ಅಂತ ತಳ್ಳಿಹಾಕುವುದು ಸುಲಭ. ಆದರೆ ಬಹಳ ಸಲ ಅದು ನಿಜವೇ ಇರುತ್ತದೆ. ಕ್ರಾಸಿನಲ್ಲಿ ನಿಂತ ಚಾಲಕ ಆ ಕಡೆ ಈ ಕಡೆ ಕಣ್ಣು ಹಾಯಿಸುತ್ತಾನೆ. ಕಣ್ಣು ಒಂದೇ ಸಮನೆ ಸರಿಯುವುದಿಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಿಗಿಯುತ್ತದೆ. ಆ ಜಿಗಿತದ ಕ್ಷಣದಲ್ಲಿ ಮೆದುಳಿಗೆ ಹೆಚ್ಚುಕಮ್ಮಿ ಏನೂ ಕಾಣಿಸುವುದಿಲ್ಲ. ಕಾರಿನಷ್ಟು ಅಗಲದ್ದು ಈ ಸಂದಿಯಲ್ಲಿ ತಪ್ಪಿಸಿಕೊಳ್ಳುವುದು ಕಷ್ಟ. ಬೈಕ್, ಸೈಕಲ್ ಸುಲಭವಾಗಿ ಕಳೆದುಹೋಗುತ್ತವೆ. ಇದರ ಜೊತೆಗೆ ಮುಂದಿನ ಗಾಜಿನ ಅಂಚಿನ ಕಂಬ. ಕಣ್ಣಿನ ಮುಂದೆ ಬೆರಳು ಹಿಡಿದರೆ ಎದುರಿನ ಮನೆಯೇ ಮರೆಯಾಗುವ ಹಾಗೆ, ಈ ಕಂಬದ ಹಿಂದೆ ಇಡೀ ಬೈಕ್ ಅಡಗಿಬಿಡುತ್ತದೆ. ಇಬ್ಬರೂ ಒಂದೇ ಬಿಂದುವಿನ ಕಡೆ ಒಂದೇ ಸಮನಾದ ವೇಗದಲ್ಲಿ ಬರುತ್ತಿದ್ದರೆ ಬೈಕ್ ಆ ಮರೆಯಿಂದ ಹೊರಗೇ ಬರುವುದಿಲ್ಲ. ನೋವಿನ ಸಂಗತಿ ಏನೆಂದರೆ, ಕಾರು ಮಗುಚಿದಾಗ ಒಳಗಿನವರು ಉಳಿಯಲಿ ಎಂದೇ ಈ ಕಂಬಗಳನ್ನು ವರ್ಷ ಕಳೆದಂತೆ ದಪ್ಪ ಮಾಡಿದ್ದು.

ಬೈಕ್ ಕಂಡರೂ ಅಪಾಯ ಮುಗಿಯಲಿಲ್ಲ. ಚಿಕ್ಕದಾಗಿ ಕಾಣುವುದು ಇನ್ನೂ ದೂರ ಇದೆ ಎಂದು ಮೆದುಳು ತಿಳಿಯುತ್ತದೆ. ರಾತ್ರಿ ಒಂಟಿ ದೀಪ ಎಷ್ಟು ವೇಗದಲ್ಲಿ ಹತ್ತಿರ ಬರುತ್ತಿದೆ ಎಂದು ಅಳೆಯುವುದು ಇನ್ನೂ ಕಷ್ಟ. ಕಾರಿಗಾದರೆ ಎರಡು ದೀಪಗಳ ನಡುವಿನ ಅಂತರ ಹಿಗ್ಗುವುದರಿಂದ ಗೊತ್ತಾಗುತ್ತದೆ. ಬೈಕಿಗೆ ಆ ಸುಳಿವೂ ಇಲ್ಲ.

ಸೈಕಲ್ಲಿನವರ ಪಾಡು ಬೇರೆ. ಹಿಂದಿನಿಂದ ಹಾರ್ನ್ ಹೊಡೆದರೆ ಅವರು ನಿಲ್ಲಿಸಿದ ಕಾರುಗಳ ಸಾಲಿಗೆ ಅಂಟಿಕೊಂಡು ಹೋಗುತ್ತಾರೆ. ಆ ಸಾಲಿನಲ್ಲಿ ಒಂದು ಬಾಗಿಲು ದಿಢೀರನೆ ತೆರೆದರೆ ಮುಗಿಯಿತು. ಬಾಗಿಲಿಗೆ ಗುದ್ದಬೇಕು, ಇಲ್ಲವೇ ತಪ್ಪಿಸಿಕೊಳ್ಳಲು ಹೋಗಿ ಹಿಂದಿನ ವಾಹನದ ಮುಂದೆ ಬೀಳಬೇಕು. ನೆದರ್‌ಲೆಂಡ್ಸಿನಲ್ಲಿ ಇದಕ್ಕೊಂದು ಸರಳ ರೂಢಿ ಇದೆ. ಬಾಗಿಲಿಗೆ ದೂರವಿರುವ ಕೈಯಿಂದಲೇ ಬಾಗಿಲು ತೆಗೆಯಿರಿ ಅನ್ನುತ್ತಾರೆ. ಹಾಗೆ ಮಾಡಿದರೆ ಮೈ ತಾನಾಗಿ ತಿರುಗುತ್ತದೆ, ಕಣ್ಣು ಹಿಂದಕ್ಕೆ ಹೋಗುತ್ತದೆ. ಬ್ರಿಟನ್ನಿನ ರಸ್ತೆ ನಿಯಮಾವಳಿ 2022ರಲ್ಲಿ ಇದನ್ನು ಸೇರಿಸಿಕೊಂಡಿತು. ಸೈಕಲ್ಲನ್ನು ಓವರ್‌ಟೇಕ್ ಮಾಡುವಾಗ ಕನಿಷ್ಠ ಒಂದೂವರೆ ಮೀಟರ್ ಬಿಡಿ ಎಂದೂ ಹೇಳಿತು.

ವೇಗದ ವಿಷಯಕ್ಕೆ ಬಂದರೆ ಲೆಕ್ಕ ನೇರವಾಗಿದೆ. ಗಂಟೆಗೆ 30 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 8 ಮೀಟರ್ ಹೋಗುತ್ತದೆ. 60 ಕಿ.ಮೀ. ವೇಗದಲ್ಲಿ ಸುಮಾರು 17 ಮೀಟರ್. ವೇಗ ಎರಡು ಪಟ್ಟಾದರೆ ಪೆಟ್ಟಿನ ಶಕ್ತಿ ನಾಲ್ಕು ಪಟ್ಟು. ಮನುಷ್ಯನ ಮೈ ಮಾತ್ರ ಅದೇ.

ಈ ಲೆಕ್ಕವನ್ನು ಮೊದಲು ಗಂಭೀರವಾಗಿ ತೆಗೆದುಕೊಂಡವರಲ್ಲಿ ನೆದರ್‌ಲೆಂಡ್ಸಿನ ಡಚ್ಚರು ಮುಖ್ಯರು. ಅವರೂ ಹುಟ್ಟಿನಿಂದ ಸೈಕಲ್ ಸ್ವರ್ಗದಲ್ಲೇನೂ ಇರಲಿಲ್ಲ. ಯುದ್ಧದ ನಂತರ ಅಲ್ಲೂ ಕಾರುಗಳು ನುಗ್ಗಿದವು. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ 3,000ಕ್ಕೂ ಜಾಸ್ತಿ ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಗಳನ್ನು ಕಳೆದುಕೊಂಡ ಪತ್ರಕರ್ತರೊಬ್ಬರು "ಮಕ್ಕಳ ಕೊಲೆ ನಿಲ್ಲಿಸಿ" ಎಂದು ಬರೆದರು. ಅದೇ ಘೋಷಣೆ ಒಂದು ಚಳವಳಿಯ ಹೆಸರಾಯಿತು. ಅಪ್ಪ ಅಮ್ಮಂದಿರು ಮಕ್ಕಳೊಂದಿಗೆ ಬೀದಿಗಿಳಿದರು. 1973ರ ತೈಲ ಬಿಕ್ಕಟ್ಟಿನಲ್ಲಿ ಕೆಲವು ಭಾನುವಾರ ಕಾರು ಓಡಿಸುವುದನ್ನೇ ಸರ್ಕಾರ ನಿಲ್ಲಿಸಿತು. ಕಾರಿಲ್ಲದ ಬೀದಿ ಹೇಗಿರುತ್ತದೆ ಎಂದು ಜನ ಕಣ್ಣಾರೆ ಕಂಡರು.

ಆಮೇಲೆ ಅವರು ಬರೀ ಬಣ್ಣದ ಗೆರೆ ಎಳೆದು ಸುಮ್ನೆ ಕೂರಲಿಲ್ಲ. ಕ್ರಾಸುಗಳ ಆಕಾರವನ್ನೇ ಬದಲಿಸುತ್ತಾ ಬಂದರು. ಮೂಲೆಯಲ್ಲಿ ಒಂದು ದಿಬ್ಬ ಕಟ್ಟಿ, ಸೈಕಲ್ ದಾಟುವ ಜಾಗವನ್ನು ಸುಮಾರು ಒಂದು ಕಾರಿನ ಉದ್ದದಷ್ಟು ಹಿಂದಕ್ಕೆ ಸರಿಸಿದರು. ಹೀಗಾಗಿ ಕಾರು ನಿಧಾನವಾಗಿಯೇ ತಿರುಗಬೇಕು. ತಿರುಗಿ ಮುಗಿಯುವಷ್ಟರಲ್ಲಿ ಸೈಕಲ್ ಚಾಲಕನ ಕಣ್ಣಿನ ನೇರಕ್ಕೆ ಬಂದಿರುತ್ತದೆ, ಭುಜದ ಹಿಂದೆ ಅಡಗಿರುವುದಿಲ್ಲ. ಬೇಕಿದ್ದರೆ ನಿಂತು ಬಿಡಲು ಜಾಗವೂ ಇರುತ್ತದೆ. ನೋಡದವನನ್ನೂ ನೋಡುವಂತೆ ಮಾಡುವ ಈ ಕ್ರಾಸು, ನನ್ನ ಪ್ರಕಾರ, ನೂರು ಎಚ್ಚರಿಕೆ ಫಲಕಗಳಿಗಿಂತ ಮೇಲು. ಈಚಿನ ವರ್ಷಗಳಲ್ಲಿ ಅಲ್ಲಿನ ರಸ್ತೆ ಸಾವುಗಳು ವರ್ಷಕ್ಕೆ 700ರ ಆಸುಪಾಸಿಗೆ ಇಳಿದಿವೆ. ಹಾಗಂತ ಎಲ್ಲ ಸರಿಹೋಯಿತು ಅಂತಲ್ಲ. ಸಾಯುವವರಲ್ಲಿ ಈಗ ಸೈಕಲ್ಲಿನ ವಯಸ್ಸಾದವರ ಪಾಲು ದೊಡ್ಡದು.

1997ರಲ್ಲಿ ಸ್ವೀಡನ್ ಸಂಸತ್ತು ರಸ್ತೆಯಲ್ಲಿ ಯಾರೂ ಸಾಯಬಾರದು ಅನ್ನುವುದನ್ನೇ ಗುರಿಯಾಗಿ ಒಪ್ಪಿತು. ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪಿಗೆ ಸಾವು ಬೆಲೆಯಾಗದಂತೆ ರಸ್ತೆ ಕಟ್ಟುವುದು ಕಟ್ಟುವವರ ಹೊಣೆ ಎಂದಿತು. ಕನಸಿನ ಮಾತು ಅನಿಸಬಹುದು, ಅಲ್ವಾ? 2019ರಲ್ಲಿ ನಾರ್ವೆಯ ಓಸ್ಲೋ ನಗರದಲ್ಲಿ ಒಬ್ಬ ಪಾದಚಾರಿಯೂ, ಒಬ್ಬ ಸೈಕಲ್ ಸವಾರರೂ ಸಾಯಲಿಲ್ಲ. ವೇಗ ಇಳಿಸಿದ್ದರು, ಕಾರು ನಿಲ್ಲಿಸುವ ಜಾಗಗಳನ್ನು ತೆಗೆದಿದ್ದರು.

ಬೈಕಿನವರಿಗೆ ಇಷ್ಟು ಭಾಗ್ಯ ಇನ್ನೂ ಬಂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯಂತೆ ಜಗತ್ತಿನ ರಸ್ತೆಗಳಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ಸಾಯುತ್ತಾರೆ. ಅದರಲ್ಲಿ 21% ಎಂಜಿನ್ ಇರುವ ಎರಡು, ಮೂರು ಚಕ್ರದ ವಾಹನಗಳಲ್ಲಿದ್ದವರು, 6% ಸೈಕಲ್ಲಿನವರು. ಮಲೇಷ್ಯಾ 1970ರ ದಶಕದಲ್ಲೇ ಹೆದ್ದಾರಿಯ ಪಕ್ಕ ಬೈಕಿಗೆಂದು ಬೇರೆ ದಾರಿ ಕಟ್ಟಿತು, ಆದರೆ ಅದನ್ನು ಅನುಸರಿಸಿದ ದೇಶಗಳು ಕಡಿಮೆ. ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಬೈಕುಗಳಿಗೆ ಬಂದದ್ದು 1988ರಲ್ಲಿ. ಯುರೋಪಿನಲ್ಲಿ 125 ಸಿಸಿಗಿಂತ ದೊಡ್ಡ ಹೊಸ ಮಾದರಿಯ ಬೈಕುಗಳಿಗೆ ಅದು ಕಡ್ಡಾಯವಾದದ್ದು 2016ರಲ್ಲಿ.

ಕಾರುಗಳಿಗೆ ಸುರಕ್ಷತೆಯ ಸ್ಟಾರ್ ಕೊಡುವ ಯುರೋ ಎನ್‌ಕ್ಯಾಪ್ 2023ರಿಂದ ಒಂದು ಹೊಸ ಪರೀಕ್ಷೆ ನಡೆಸುತ್ತಿದೆ. ಎದುರಿನಿಂದ ಬರುತ್ತಿರುವ ಬೈಕಿನ ಮುಂದೆ ತಿರುಗಲು ಹೊರಟ ಕಾರು ತಾನಾಗಿ ಬ್ರೇಕ್ ಹಾಕುತ್ತದೆಯೇ ಎಂದು ನೋಡುತ್ತಾರೆ. ಹರ್ಟ್ ತಂಡ ವರದಿಯಲ್ಲಿ ಬರೆದಿಟ್ಟ ಅದೇ ಡಿಕ್ಕಿ ಅದು. ಪರೀಕ್ಷೆ ಶುರುವಾಗಲು 42 ವರ್ಷ ಹಿಡಿಯಿತು. ಅದೂ ಹೊಸ ಕಾರುಗಳಿಗೆ ಮಾತ್ರ. ಈಗಾಗಲೇ ರಸ್ತೆಯಲ್ಲಿರುವ ಕಾರುಗಳು ಇನ್ನೂ ಎಷ್ಟೋ ವರ್ಷ ಓಡುತ್ತವೆ. ಅಲ್ಲಿಯವರೆಗೆ ಕ್ರಾಸುಗಳಲ್ಲಿ ವೇಗ ಇಳಿಸುವ ಕೆಲಸಕ್ಕೆ ಯಾವ ಹೊಸ ತಂತ್ರಜ್ಞಾನವೂ ಬೇಕಿಲ್ಲ.